ಪಾಟಿ ತೂಗುವ ಮನೆಯಿಂದ 56 ಎಪಿಓಗೆ: ಒಂದು ‘ಮಿಲ್ಟ್ರಿ ಡಬ್ಬಿ’ಯ ವಿಮರ್ಶೆ

ಕಲಬುರಗಿಯ ಶಹಾಬಜಾರ್ ಕಡೆಯ ಒಂದು ಓಣಿಯಲ್ಲಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಶಾಲೆಯ ಪಾಟಿಯ ಮೇಲೆ ‘ರೊಟ್ಟಿ ಸಿಗತಾವ’ ಎಂದು ಬಳಪದಲ್ಲಿ ಬರೆದಿರುವ ಮನೆಯೊಂದಿದೆ. ಏಳು ಮಂದಿ ಹೆಣ್ಣುಮಕ್ಕಳ ಸ್ವಸಹಾಯ ಸಂಘವೊಂದು ಅಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದೆ. ಆ ಪಾಟಿಯ ಹೊರತು ಅಂಗಡಿಗೆ ಬೇರೆ ಫಲಕವಿಲ್ಲ. ಮಳೆ ಬಂದ ದಿನ ಅಕ್ಷರ ಅಳಿಸಿಹೋಗಿ ಅದೂ ಇರುವುದಿಲ್ಲ. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ರೊಟ್ಟಿ ಒದಗಿಸುವುದು ಅವರ ದಿನನಿತ್ಯದ ವ್ಯಾಪಾರ. ಸೇನೆಯಲ್ಲಿರುವವರಿಗೆ ಮನೆಯವರು ಕಳಿಸುವ ತಿನಿಸಿನ ಪೆಟ್ಟಿಗೆಯನ್ನು ಕಟ್ಟಿಕೊಡುವುದು ಅದರ ಬಗಲಲ್ಲಿ ತಾನಾಗಿಯೇ ಬೆಳೆದ ಕೆಲಸ. ಓಣಿಯಲ್ಲಿ ಇದಕ್ಕೆ ‘ಮಿಲ್ಟ್ರಿ ಡಬ್ಬಿ’ ಎನ್ನುತ್ತಾರೆ. ನಾಲ್ಕು ವರ್ಷಗಳಲ್ಲಿ ನಾನು ಅಂಥ 11 ಡಬ್ಬಿಗಳನ್ನು ಅವರ ಕೈಯಿಂದ ಕಟ್ಟಿಸಿ ಕಳಿಸಿದ್ದೇನೆ. ಹನ್ನೊಂದೂ ಮುಟ್ಟಿವೆ, ಒಂದು ಮಾತ್ರ ಹಬ್ಬ ಕಳೆದ ಮೇಲೆ ಮುಟ್ಟಿತು.

ನನ್ನ ತಮ್ಮ ಸೇನೆ ಸೇರಿ 13 ವರ್ಷವಾಯಿತು. ನಾನು ಇಲ್ಲಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಮೊದಲ ವರ್ಷಗಳಲ್ಲಿ ಅವನಿಗೆ ಬೇಕಾದ್ದನ್ನೆಲ್ಲ ಅವ್ವನೇ ಮಾಡಿ, ತೊಳೆದಿಟ್ಟ ಧೋತರದ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಗಂಟುಗಳಿಗೆ ಅರಗಿನ ಮುದ್ರೆ ಹಾಕಿಸಿ ಕಳಿಸುತ್ತಿದ್ದಳು. ಅವಳ ಕಣ್ಣು ಮಂಜಾಗಿ, ರೊಟ್ಟಿ ಬಡಿಯುವ ಕೈ ಸೋತ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಮಾಡಬಹುದಾದ ತಪ್ಪುಗಳನ್ನು ಒಂದೂ ಬಿಡದೆ ನಾನು ಮಾಡಿದೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ್ದ ಹುರುಪಿನಲ್ಲಿ ಎರಡು ಕಿಲೋ ಬೇಳೆಯನ್ನೇ ಕಟ್ಟಿ ಕಳಿಸಿದೆ. ಆಗ ಅವನು ಲಡಾಖ್ ಕಡೆ ಇದ್ದ. ಲೇಹ್‌ನಂಥ ಊರು ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ ಕುಕ್ಕರಿಲ್ಲದೆ ತೊಗರಿ ಬೇಳೆ ಬೇಯುವುದೇ ಇಲ್ಲವೆಂಬಷ್ಟು ತಡವಾಗುತ್ತದೆ. ತಮ್ಮನ ಉತ್ತರ ಇಷ್ಟೇ ಇತ್ತು: “ಅಕ್ಕಾ, ಇಲ್ಲಿ ಲಂಗರ್‌ದಾಗ ನೂರಿಪ್ಪತ್ತು ಮಂದಿಗಿ ಬ್ಯಾಳಿ ಕುದಸ್ತಾರ. ನಿನ್ನ ಎರಡು ಕಿಲೋ ನಾ ಯಾರಿಗಿ ಹಾಕ್ಲಿ?” ಇನ್ನೊಮ್ಮೆ ಕಳಿಸಿದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿ ಕೂತಿತು. ಮತ್ತೊಮ್ಮೆ, ಬೇಗ ಮುಟ್ಟಲಿ ಎಂಬ ಆಸೆಯಿಂದ ಖಾಸಗಿ ಕೊರಿಯರ್ ಒಂದಕ್ಕೆ ಕೊಟ್ಟೆ. ಅವರು ವಿಳಾಸವನ್ನು ಓದದೆಯೇ ಹಣ ತೆಗೆದುಕೊಂಡು, ಒಂಬತ್ತು ದಿನ ಎಲ್ಲೋ ಇಟ್ಟುಕೊಂಡು, ‘ಊರಿನ ಹೆಸರಿಲ್ಲ’ ಎಂದು ಬರೆದ ಚೀಟಿ ಅಂಟಿಸಿ ನನ್ನ ಮನೆಗೇ ತಂದು ಮುಟ್ಟಿಸಿದರು.

ಊರಿನ ಹೆಸರು ಇರಬಾರದೆಂಬುದೇ ಆ ವಿಳಾಸದ ಮರ್ಮ ಎಂಬುದನ್ನು ನನಗೆ ತಿಳಿಸಿ ಹೇಳಿದವರು ಈ ರೊಟ್ಟಿ ಕೇಂದ್ರದವರು. ಯೋಧನ ಸೇನಾ ಸಂಖ್ಯೆ, ಹುದ್ದೆ, ಹೆಸರು, ಅವನ ಘಟಕ, ಕೆಳಗೆ ‘56 ಎಪಿಓ’ ಅಥವಾ ‘99 ಎಪಿಓ’ (ಎಪಿಓ ಎಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನಾ ಅಂಚೆ ಕಚೇರಿ), ಮತ್ತು 9ರಿಂದ ಶುರುವಾಗುವ ಆರಂಕಿಯ ಪಿನ್: ಇಷ್ಟಿದ್ದರೆ ಸಾಕು. 1972ರ ಆಗಸ್ಟ್ 15ರಂದು ದೇಶಕ್ಕೆ ಪಿನ್ ಕೋಡ್ ಬಂದಾಗ ಎಂಟು ವಲಯಗಳನ್ನು ನೆಲದ ಮೇಲಿನ ಊರುಗಳಿಗೆ ಹಂಚಿ, ಒಂಬತ್ತನೆಯದನ್ನು ಸೇನಾ ಅಂಚೆಗೆಂದು ಇಟ್ಟರು. ನಮ್ಮ ಕಲಬುರಗಿಯ ಪಿನ್ ಶುರುವಾಗುವ 585 ನಕಾಶೆಯಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದು, ಆ 9ಕ್ಕೆ ಬೆರಳಿಡಲು ಜಾಗವಿಲ್ಲ. 56 ಎಪಿಓ ಎಂದು ಬರೆದ ಡಬ್ಬಿ ದೆಹಲಿಯಲ್ಲಿರುವ ಸೇನೆಯ ಕೇಂದ್ರ ಅಂಚೆ ಕಚೇರಿಗೂ, 99 ಎಪಿಓ ಎಂದು ಬರೆದದ್ದು ಕೋಲ್ಕತ್ತದಲ್ಲಿರುವ ಅಂಥದೇ ಕಚೇರಿಗೂ ಹೋಗುತ್ತದೆ. ಅಲ್ಲಿಂದ ಮುಂದೆ ಯಾವ ಘಟಕ ಈ ಹೊತ್ತು ಎಲ್ಲಿದೆ ಎಂಬುದನ್ನು ಬಲ್ಲವರು ಸೇನಾ ಅಂಚೆಯವರು ಮಾತ್ರ. ಘಟಕ ಜಾಗ ಬದಲಿಸಿದರೂ ಮನೆಯವರು ವಿಳಾಸ ಬದಲಿಸಬೇಕಾಗಿಲ್ಲ. ಈ ದಳದಲ್ಲಿ ಕೆಲಸ ಮಾಡುವವರಲ್ಲಿ ಬಹಳ ಮಂದಿ ನಮ್ಮ ಅಂಚೆ ಇಲಾಖೆಯಿಂದಲೇ ನಿಯೋಜನೆಯ ಮೇಲೆ ಹೋಗಿ ಸಮವಸ್ತ್ರ ತೊಟ್ಟವರು. ಕೇಂದ್ರದಲ್ಲಿ ಡಬ್ಬಿ ಕಟ್ಟುವ ಕೋಣೆಯ ಬಾಗಿಲ ಹಿಂದೆ ಮಾದರಿ ವಿಳಾಸವೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ಅದನ್ನು ನೋಡಿಕೊಂಡು ಬರೆದರೆ ತಪ್ಪಾಗುವುದಿಲ್ಲ. ಡಬ್ಬಿ ಅಂಚೆಗೆ ಒಯ್ಯುವ ಕೆಲಸ ಮಾತ್ರ ನಮ್ಮದೇ.

ಇನ್ನು ರೊಟ್ಟಿ. ಬಿಳಿಜೋಳದಲ್ಲಿ ಅವರು ಮಾಲದಂಡಿಯನ್ನೇ ಬಳಸುತ್ತಾರೆ, ಹೈಬ್ರಿಡ್ ಜೋಳವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಿಂಗಾರಿಯ ಮಾಲದಂಡಿಯ ಹಿಟ್ಟಿಗೆ ಇರುವ ಜಿಗಿ ಬೇರೆ ಜೋಳಕ್ಕೆ ಇಲ್ಲದ್ದರಿಂದ, ಕುದಿಯುವ ಎಸರು ಹಾಕಿ ನಾದಿದಾಗ ಅಂಚು ಬಿರಿಯದೆ ತೆಳ್ಳಗೆ ಬಡಿಯಲು ಬರುತ್ತದೆ. ಹೆಂಚಿನಿಂದ ಇಳಿಸಿದ ಮೇಲೆ ಒಲೆಯ ಸುತ್ತ ನಿಲ್ಲಿಸಿ ನೀರಿನ ಪಸೆಯೆಲ್ಲ ಆರುವವರೆಗೆ ಕಾಯಿಸಿದರೆ ಅದು ಖಡಕ್ ರೊಟ್ಟಿ. ಇಷ್ಟು ಕಲಬುರಗಿಯ ಯಾವ ಅಡುಗೆಮನೆಗೂ ಗೊತ್ತು. ಮಿಲ್ಟ್ರಿ ಡಬ್ಬಿಗೆ ಹೋಗುವ ರೊಟ್ಟಿಯೇ ಬೇರೆ. ಅದರ ಅಗಲ ಒಂದು ಗೇಣಿಗಿಂತ ತುಸು ಕಡಿಮೆ, ದಪ್ಪ ಮಾಮೂಲಿಗಿಂತ ಒಂದೆಳೆ ಹೆಚ್ಚು. ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದಾಗ ಇದು ಬಡಿಯಲು ಬೇಸರಪಟ್ಟು ಅರ್ಧಕ್ಕೆ ನಿಲ್ಲಿಸಿದ ರೊಟ್ಟಿಯೆಂದೇ ಭಾವಿಸಿದ್ದೆ. ಡಬ್ಬಿಯ ಸುತ್ತಳತೆಗೆ ಸರಿಯಾಗಿ, ಅಲುಗಾಡಲು ಸಂದಿಲ್ಲದಂತೆ ಕೂಡ್ರಲೆಂದು ಆ ಅಳತೆ ಗೊತ್ತುಮಾಡಿದ್ದಾರೆ. ಹದಿನೈದರಂತೆ ಅಟ್ಟಿಗಟ್ಟಿ, ತೆಳು ಬಿಳಿ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಅಟ್ಟಿಗಳನ್ನು ದುಂಡನೆಯ ಪತ್ರಾ ಡಬ್ಬಿಗೆ ಇಳಿಸಿ, ಆ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಡುತ್ತಾರೆ. ಚೌಕದ ಪೆಟ್ಟಿಗೆಯಲ್ಲಿ ದುಂಡು ಡಬ್ಬಿ ಇಟ್ಟಾಗ ನಾಲ್ಕು ಮೂಲೆ ಖಾಲಿ ಉಳಿಯುತ್ತವಲ್ಲ, ಅಲ್ಲಿಗೆ ಚುರುಮುರಿಯ ಚೀಲಗಳನ್ನು ತುಂಬುತ್ತಾರೆ. ದಾರಿಯಲ್ಲಿ ಪೆಟ್ಟು ತಾಗದಂತೆ ಕಾಯುವುದೂ ಅದೇ, ಮುಟ್ಟಿದ ಸಂಜೆ ಸೂಸಲಾ ಆಗುವುದೂ ಅದೇ. ಈ ಒಂದು ಉಪಾಯಕ್ಕಾಗಿಯೇ ನಾನು ಇವರಿಗೆ ಪೂರ್ಣ ಅಂಕ ಕೊಡುತ್ತಿದ್ದೆ.

ಆದರೆ ಇವರ ನಿಜವಾದ ಹೆಚ್ಚುಗಾರಿಕೆ ಇರುವುದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ. ಮೊದಲ ಡಬ್ಬಿ ಮುಟ್ಟಿದ ಮೇಲೆ ನಾನು ಖುಷಿಯಿಂದ ಹೋಗಿ, ತಮ್ಮ ಬಹಳ ಚೆನ್ನಾಗಿತ್ತೆಂದು ಹೇಳಿದ್ದಾನೆ ಎಂದೆ. ಎಲ್ಲರೂ ದೊಡ್ಡವ್ವ ಎಂದು ಕರೆಯುವ ಹಿರಿಯಾಕೆ ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆ, ತಲೆಯನ್ನೂ ಎತ್ತದೆ ಹೇಳಿದಳು: “ಅಕ್ಕೋರೆ, ಛಂದ ಇತ್ತು ಅಂದ್ರ ತಿಂದಿಲ್ಲಂತ ತಿಳೀರಿ. ಎಷ್ಟು ಮುರದಾವ ಅದು ಕೇಳ್ಕೊಂಡ್ ಬರ್ರಿ.” ನನಗೆ ಸ್ವಲ್ಪ ಸಿಟ್ಟೇ ಬಂತು. ರಾತ್ರಿ ಫೋನಿನಲ್ಲಿ ಒತ್ತಾಯಿಸಿ ಕೇಳಿದಾಗ ತಮ್ಮ ಬಾಯಿಬಿಟ್ಟ: ಅರವತ್ತರಲ್ಲಿ ಹತ್ತೊಂಬತ್ತು ಮುರಿದಿದ್ದವು, ಶೇಂಗಾ ಹಿಂಡಿಯ (ಚಟ್ನಿಪುಡಿಯ) ಎಣ್ಣೆ ಸೋರಿ ಕೆಳಗಿನ ಅಟ್ಟಿಗೆ ಇಳಿದಿತ್ತು, ಹೋಳಿಗೆಯನ್ನು ಯಾರೂ ಕಚ್ಚಲಾಗಲಿಲ್ಲ. ಅಷ್ಟು ದೂರದಿಂದ ಅಕ್ಕ ಕಳಿಸಿದ್ದಕ್ಕೆ ಹೆಸರಿಡುವುದು ಹೇಗೆಂದು ಅವನು ಸುಮ್ಮನಿದ್ದ. ಅದಕ್ಕೂ ಹಿಂದೆ ನಾನು ಕಳಿಸಿದ್ದ ಪೆಟ್ಟಿಗೆಗಳಿಗೆ ಬಂದಿದ್ದ ‘ಭಾಳ ಛಲೋ ಇತ್ತಕ್ಕಾ’ಗಳೆಲ್ಲ ಏನಾಗಿದ್ದವೋ ಎಂದು ಆ ರಾತ್ರಿ ಲೆಕ್ಕ ಹಾಕುತ್ತ ಮಲಗಿದೆ.

ಮರುದಿನ ಅದನ್ನೆಲ್ಲ ದೊಡ್ಡವ್ವ ಹೇಳಿಸಿಕೊಂಡು ಸಂಘದ ಹುಡುಗಿಯೊಬ್ಬಳಿಂದ ಆ ನೋಟ್‌ಬುಕ್ಕಿನಲ್ಲಿ ಬರೆಸಿದಳು. ಮನೆಯವರ ಹೆಸರು, ಕಳಿಸಿದ ತಾರೀಖು, ಮುಟ್ಟಿದ ತಾರೀಖು, ಮುರಿದದ್ದು, ಸೋರಿದ್ದು, ಮೊದಲು ಖಾಲಿಯಾದದ್ದು, ಕೊನೆಗೆ ಉಳಿದದ್ದು. ನಾಲ್ಕೈದು ಮನೆಗಳ ನಲವತ್ತಕ್ಕೂ ಹೆಚ್ಚು ಡಬ್ಬಿಗಳ ಸಮಾಚಾರ ಅದರಲ್ಲಿದೆ. ರೊಟ್ಟಿಯ ಅಗಲ ಗೇಣಿಗೆ ಇಳಿದದ್ದು, ಚುರುಮುರಿ ಮೂಲೆಗೆ ಬಂದದ್ದು, ಹಿಂಡಿಯನ್ನು ಎರಡು ಪದರದ ಚೀಲದಲ್ಲಿ ಬಿಗಿದು ಡಬ್ಬಿಯ ಮುಚ್ಚಳದ ಕೆಳಗೆ ಇಡತೊಡಗಿದ್ದು, ಎಲ್ಲಕ್ಕೂ ಆ ಪುಸ್ತಕದಲ್ಲಿ ಒಂದೊಂದು ಸಾಲಿನ ಕಾರಣ ಸಿಗುತ್ತದೆ. ನನ್ನ ನಾಲ್ಕನೆಯ ಡಬ್ಬಿಯ ಹೊತ್ತಿಗೆ ಮುರಿದವು ನಾಲ್ಕಕ್ಕೆ ಇಳಿದವು. ಕಳೆದ ಸಲ ಎರಡು. ಗ್ರಾಹಕರು ಹೊಗಳಿದ್ದನ್ನು ಗೋಡೆಗೆ ತೂಗುಹಾಕುವ ಅಂಗಡಿಗಳನ್ನು ನಾನು ಕಂಡಿದ್ದೇನೆ; ದೂರಿದ್ದನ್ನು ಬರೆಸಿಕೊಂಡು ಜೋಪಾನ ಮಾಡಿದ ಅಂಗಡಿಯನ್ನು ಇಲ್ಲಿಯೇ ಕಂಡದ್ದು.

ಈ ಪುಸ್ತಕದಿಂದ ಇನ್ನೊಂದು ಆಯಿತು, ಅದನ್ನು ಯಾರೂ ಎಣಿಸಿರಲಿಲ್ಲ. ವಿವರ ಹೇಳಬೇಕೆಂಬ ಹೊಣೆ ಬಿದ್ದ ಮೇಲೆ ತಮ್ಮನ ಮಾತು ಬೆಳೆಯಿತು. ಮೊದಲು ಎರಡು ನಿಮಿಷದಲ್ಲಿ ‘ಎಲ್ಲಾ ಆರಾಮ, ಇಡ್ತೀನಿ’ ಎನ್ನುತ್ತಿದ್ದವನು, ಈಗ ಡಬ್ಬಿ ಮುಟ್ಟಿದ ವಾರ ಕಾಲುಗಂಟೆಯ ಧ್ವನಿಮುದ್ರಣ ಕಳಿಸುತ್ತಾನೆ. ಮೊದಲ ಸಲ ರೊಟ್ಟಿ ನೋಡಿದ ಪಂಜಾಬಿನವನೊಬ್ಬ ಅದನ್ನು ಹಪ್ಪಳವೆಂದು ತಿಳಿದು ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆಯ) ಬಿಸಿ ಮುಚ್ಚಳದ ಮೇಲೆ ಇಟ್ಟನಂತೆ. ಹಾಗೆ ಬೆಚ್ಚಗಾದ ರೊಟ್ಟಿಗೆ ತುಪ್ಪ ಸವರಿ ಹಿಂಡಿ ಉದುರಿಸಿದರೆ ಮನೆಯದಕ್ಕಿಂತ ರುಚಿಯೆಂದು ಈಗ ಎಲ್ಲರೂ ಹಾಗೆಯೇ ತಿನ್ನುತ್ತಾರಂತೆ. ಬಿಹಾರದವನಿಗೆ ಅಗಸಿ ಹಿಂಡಿಯ ಮೇಲೆ ಪ್ರೀತಿ. ಗುರೆಳ್ಳು ಹಿಂಡಿಯ ಕಪ್ಪು ಬಣ್ಣ ನೋಡಿ ಹಿಂದೆ ಸರಿದ ಗಢವಾಲಿನವನು ಮೂರನೆಯ ದಿನ ಚೀಲವನ್ನೇ ತನ್ನ ಹಾಸಿಗೆಯ ಬಳಿ ಇಟ್ಟುಕೊಂಡಿದ್ದ. ಎತ್ತರದ ಜಾಗಗಳಲ್ಲಿ ಹಸಿವೇ ಕುಂದುತ್ತದೆಂಬುದು ಬಲ್ಲವರಿಗೆ ಗೊತ್ತಿರುವ ಸಂಗತಿ. ಸೇನೆಯ ಲಂಗರ್‌ನಲ್ಲಿ ಊಟಕ್ಕೆ ಕೊರತೆಯಿಲ್ಲ, ತಿನ್ನಲು ಮನಸ್ಸಾಗುವುದೇ ಕಷ್ಟ. ಆಗ ನಾಲಿಗೆಯನ್ನು ಎಬ್ಬಿಸುವುದು ಬೆಳ್ಳುಳ್ಳಿ ಮತ್ತು ಕೆಂಪು ಖಾರದ ಒಂದು ಚಿಟಿಕೆ. ಅದಕ್ಕಾಗಿ ರೊಟ್ಟಿಗಿಂತ ಹಿಂಡಿಯೇ ಮೊದಲು ಖಾಲಿಯಾಗುತ್ತದೆ ಎಂಬ ಸಾಲು ನೋಟ್‌ಬುಕ್ಕಿನಲ್ಲಿ ಮೇಲಿಂದ ಮೇಲೆ ಬರುತ್ತದೆ.

ಒಮ್ಮೆ ಆ ಬಿಹಾರದ ಹುಡುಗನೇ ತಮ್ಮನ ಫೋನು ಕಸಿದುಕೊಂಡು ಮಾತಾಡಿದ್ದ. ಅದನ್ನು ನಾನು ಕೇಂದ್ರಕ್ಕೆ ಒಯ್ದು ಕೇಳಿಸಿದೆ. ಏಳೂ ಮಂದಿ ಬಡಿಯುವುದನ್ನು ನಿಲ್ಲಿಸಿದರು. ಆ ಮನೆಯಲ್ಲಿ ಹಗಲು ಹೊತ್ತು ಬಡಿತದ ಸಪ್ಪಳ ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಮೌಸೀ, ಅಲಸೀ ಕೀ ಚಟ್ನಿ ಖತಮ್ ಹೋ ಗಯೀ, ಡಬ್ಬಾ ಧೋಕೆ ರಖಾ ಹೈ” ಎಂದ ಅವನ ಮಾತು ಕಲಬುರಗಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವ್ವ ಅದನ್ನು ಎರಡನೆಯ ಸಲ ಕೇಳಿ, ‘ಖಾಲಿಯಾದದ್ದು’ ಎಂಬಲ್ಲಿ ಅಗಸಿ ಎಂದು ಬರೆಸಿದಳು.

ಇತಿಹಾಸ ಕಲಿಸುವವಳಾದ್ದರಿಂದ ಒಂದು ಮಾತು ಇಲ್ಲಿ ನೆನಪಾಗುತ್ತದೆ. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆ ಹಿತ್ತಾಳೆಯ ಪುಟ್ಟ ಪೆಟ್ಟಿಗೆಗಳನ್ನು ಹಂಚಿದಾಗ, ಬ್ರಿಟಿಷ್ ಸೈನಿಕರಿಗೆ ತಂಬಾಕು ಇಟ್ಟವರು ಭಾರತದ ಸಿಪಾಯಿಗಳಿಗೆಂದು ಕಲ್ಲುಸಕ್ಕರೆಯನ್ನೂ ಮಸಾಲೆಯನ್ನೂ ಇಟ್ಟಿದ್ದರು; ಸಿಖ್ಖರ ಪಾಲಿನಲ್ಲಿ ತಂಬಾಕನ್ನು ಇಡಲಿಲ್ಲ. ಯಾರಿಗೆ ಏನು ಸಲ್ಲುತ್ತದೆಂದು ಅಷ್ಟಾದರೂ ಯೋಚಿಸಿದ್ದರು. ನಾನು ಬೇಳೆ ಕಳಿಸಿದಾಗ ಅಷ್ಟನ್ನೂ ಯೋಚಿಸಿರಲಿಲ್ಲ.

ದೋಷಗಳನ್ನೂ ಹೇಳಬೇಕು. ಶೇಂಗಾ ಹೋಳಿಗೆಯನ್ನು ಇವರು ಪ್ರತಿ ಸಲ ‘ಹಾಕಲೇನ್ರಿ’ ಎಂದು ಕೇಳುತ್ತಾರೆ, ಕೇಳುವ ದನಿಯಲ್ಲಿ ಹಾಕಿಯೇ ಬಿಟ್ಟಿರುವ ಧೈರ್ಯ ಇರುತ್ತದೆ. ಚಳಿಯಲ್ಲಿ ಅದು ಶಹಾಬಾದಿನ ಪರಸಿಯಂತಾಗುತ್ತದೆ, ನಮ್ಮ ಬೇಸಿಗೆಯಲ್ಲಿ ಹೊರಟರೆ ದೆಹಲಿ ಮುಟ್ಟುವ ಮೊದಲೇ ಎಣ್ಣೆಯ ಕಮಟು ಹತ್ತುತ್ತದೆ. ಅವರ ಪುಸ್ತಕವೇ ಇದನ್ನು ಕನಿಷ್ಠ ಆರು ಸಲ ಹೇಳಿದೆ. ರೊಟ್ಟಿಯ ವಿಷಯದಲ್ಲಿ ಪುಸ್ತಕದ ಮಾತು ಕೇಳಿದವರು ಹೋಳಿಗೆಯ ವಿಷಯದಲ್ಲಿ ಏಕೆ ಕೇಳುವುದಿಲ್ಲವೋ ತಿಳಿಯದು. ಬೆಲೆ ಒಂದು ರೊಟ್ಟಿಗೆ 8 ರೂಪಾಯಿ, ಹಿಂಡಿ ಕಿಲೋಗೆ 320. ಎರಡಕ್ಕೂ ನನ್ನ ತಕರಾರಿಲ್ಲ. ಡಬ್ಬಿ, ಬಟ್ಟೆ, ರಟ್ಟು ಸೇರಿ 150 ರೂಪಾಯಿ ಬೇರೆ ಎಂಬುದನ್ನು ಮಾತ್ರ ಕಟ್ಟಿ ಮುಗಿದ ಮೇಲೆ ಹೇಳುತ್ತಾರೆ. ತಕ್ಕಡಿ ಹಳೆಯದು, ಅವರು ಐದು ಕಿಲೋ ಎಂದದ್ದು ಅಂಚೆಯ ತೂಕದಲ್ಲಿ ಐದೂಕಾಲು ಆಯಿತು, ಅಂಚೆ ದರ ತೂಕದ ಮೇಲೆ ನಿಲ್ಲುವುದರಿಂದ ಆ ಕಾಲು ಕಿಲೋ ನನ್ನ ಕಿಸೆಯಿಂದ ಹೋಯಿತು. ಫೋನು ಎತ್ತುವುದಿಲ್ಲ, ಹಿಟ್ಟಿನ ಕೈ ಎಂಬ ಕಾರಣ ಒಪ್ಪತಕ್ಕದ್ದೇ, ಆದರೂ ಮೂರು ಸಲ ಬಿಸಿಲಲ್ಲಿ ನಡೆದು ಹೋದವಳಿಗೆ ಒಪ್ಪಲು ಕಷ್ಟ. ಮನೆಯಿಂದ ನಾವು ತಂದ ಒಂದು ಪೊಟ್ಟಣವನ್ನು ದುಡ್ಡಿಲ್ಲದೆ ಡಬ್ಬಿಯಲ್ಲಿ ಸೇರಿಸಿಕೊಡುತ್ತಾರೆ. ಅವ್ವ ತನ್ನ ಕೈಯಿಂದ ಹುರಿದ ಒಂದು ಹಿಡಿ ಶೇಂಗಾವನ್ನು ಪ್ರತಿ ಡಬ್ಬಿಗೂ ಕಳಿಸುತ್ತಾಳೆ. ಆದರೆ ಬೆಂಕಿಪೊಟ್ಟಣ, ಲೈಟರ್, ಸೆಂಟಿನ ಬಾಟಲಿ, ಸೋರುವ ಉಪ್ಪಿನಕಾಯಿ ಇವುಗಳನ್ನು ತೆಗೆದು ಪಕ್ಕಕ್ಕಿಡುತ್ತಾರೆ, ಅಂಚೆಯಲ್ಲಿ ತಡೆಯುತ್ತಾರೆಂದು ಮುಖದ ಮೇಲೆಯೇ ಹೇಳುತ್ತಾರೆ.

ತಡವಾದ ಆ ಒಂದು ಡಬ್ಬಿ ಎಳ್ಳಮಾವಾಸ್ಯೆಯದು. ಹಬ್ಬದ ಹಿಂದಿನ ವಾರಗಳಲ್ಲಿ ಊರಿಗೆ ಊರೇ ಸಜ್ಜಿ ರೊಟ್ಟಿ ಕೇಳುವುದರಿಂದ ಕೇಂದ್ರದವರು ನನ್ನ ಡಬ್ಬಿಯನ್ನು ಎಂಟು ದಿನ ಮುಂದಕ್ಕೆ ಹಾಕಿದರು. ಅಂಚೆಯವರು ತಮ್ಮ ಪಾಲಿನ ದಿನಗಳಲ್ಲೇ ಮುಟ್ಟಿಸಿದರೂ ಸಂಕ್ರಾಂತಿಯೂ ಕಳೆದಿತ್ತು. ನಮ್ಮ ಕಡೆ ಆ ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಬೆಳೆಗೆ ಚರಗ (ಭೂತಾಯಿಯ ಪಾಲಿನ ಎಡೆ) ಚೆಲ್ಲದೆ ಊಟವಿಲ್ಲ; ಭಜ್ಜಿಯನ್ನು ಅಂಚೆಯಲ್ಲಿ ಕಳಿಸಲಾಗದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನಾದರೂ ಕಳಿಸೋಣವೆಂದು ಅವ್ವ ಹಟ ಹಿಡಿದಿದ್ದಳು. ಡಬ್ಬಿ ಮುಟ್ಟಿದ ಮೇಲೆ ತಮ್ಮನ ಧ್ವನಿಮುದ್ರಣ ಬಂತು. ಮುರಿದದ್ದು ಮೂರು, ಸೋರಿದ್ದು ಇಲ್ಲ, ಎಳ್ಳು ಬಹಳಷ್ಟು ಉದುರಿ ಬಟ್ಟೆಯಲ್ಲೇ ಉಳಿದಿದೆ ಎಂದೆಲ್ಲ ಕ್ರಮವಾಗಿ ಹೇಳಿದ. ಆಮೇಲೆ ದನಿ ತಗ್ಗಿಸಿ, “ಆ ಉದರಿದ ಎಳ್ಳು, ಮುರದ ರೊಟ್ಟಿ ಚೂರು ಎಲ್ಲಾ ಕೂಡ್ಸಿ ಹೊರಗ ಹೋಗಿ ಚರಗ ಚೆಲ್ಲೀನಿ ಅಕ್ಕಾ. ಇಲ್ಲಿ ಬೆಳಿ ಇಲ್ಲ, ಬರ್ಫ ಅದ. ಅವ್ವಗ ಹೇಳು” ಎಂದ. ಅವ್ವ ಅದನ್ನು ಕೇಳಿ, ಹಬ್ಬ ಆವತ್ತೇ ಆಯಿತೆಂದು ತೀರ್ಮಾನಿಸಿಬಿಟ್ಟಳು. ನಾನು ಕೇಂದ್ರದವರ ಮೇಲೆ ಹೊರಿಸಬೇಕೆಂದುಕೊಂಡಿದ್ದ ದೂರನ್ನು ಅರ್ಧ ಮಾತ್ರ ಹೊರಿಸಿದೆ. ದೊಡ್ಡವ್ವ ಅದನ್ನೂ ಬರೆಸಿದಳು: ಎಳ್ಳಮಾವಾಸ್ಯೆ ಡಬ್ಬಿ ಕಾರ್ತಿಕ ಮುಗಿಯುವುದರೊಳಗೆ ಹೊರಡಬೇಕು.

ಸೇನೆಯಲ್ಲಿ ಯಾರಾದರೂ ಇರುವ ಮನೆಯವರು ಇಲ್ಲಿಗೆ ಹೋಗುವುದಾದರೆ ಬೆಳಗಿನ ಹತ್ತರೊಳಗೆ ಹೋಗಿ, ಆಮೇಲೆ ಮದುವೆಯವರ ಗದ್ದಲ. ವಿಳಾಸವನ್ನು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ, ಡಬ್ಬಿಯ ಮೇಲೊಂದು, ಒಳಗೊಂದು ಹಾಕಿಸಿ. ಹೊರಗಿನದು ಹರಿದರೂ ಒಳಗಿನದು ಉಳಿಯುತ್ತದೆ. ಅಂಚೆಯ ರಸೀದಿಯನ್ನು ಡಬ್ಬಿ ಮುಟ್ಟುವವರೆಗೆ ಜೋಪಾನ ಮಾಡಿ. ನನ್ನ ಅನುಭವದಲ್ಲಿ ಆನ್‌ಲೈನ್ ಜಾಡು ದೆಹಲಿಯ ಸೇನಾ ಅಂಚೆ ಕಚೇರಿಯವರೆಗೆ ತೋರಿಸಿ ಅಲ್ಲಿಗೆ ನಿಲ್ಲುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಮುಂದಿನ ಡಬ್ಬಿಗೆ ನಾನು ಮೊನ್ನೆಯೇ ಹೇಳಿ ಬಂದಿದ್ದೇನೆ: ಬಿಳಿಜೋಳದ ರೊಟ್ಟಿ 45, ಸಜ್ಜಿ ರೊಟ್ಟಿ 15, ಶೇಂಗಾ ಹಿಂಡಿ ಅರ್ಧ ಕಿಲೋ, ಗುರೆಳ್ಳು ಕಾಲು ಕಿಲೋ, ಅಗಸಿ ಒಂದು ಕಿಲೋ, ಹೋಳಿಗೆ ಬೇಡ. ಕೊನೆಯದನ್ನು ಎರಡು ಸಲ ಹೇಳಿದ್ದೇನೆ.